ಹದಿನೆಂಟು ತುಂಬದವರ ಕರಾರು: ಸಾಲ ಮಾಡಿದವರಿಗೆ ರಕ್ಷಣೆಯಿದೆ, ದುಡ್ಡು ಕಟ್ಟಿಬಿಟ್ಟವರಿಗೆ?

ಹದಿನೈದು ವರ್ಷದ ಹುಡುಗ ಅಪ್ಪನ ಫೋನಿನಲ್ಲಿ ಆಟವಾಡುತ್ತಿದ್ದಾನೆ. 'ನನಗೆ ಹದಿನೆಂಟು ತುಂಬಿದೆ' ಎಂಬ ಚೌಕಕ್ಕೆ ಟಿಕ್ ಹಾಕುತ್ತಾನೆ, ಉದ್ದುದ್ದ ಷರತ್ತುಗಳಿಗೆ ಓದದೆಯೇ ಒಪ್ಪುತ್ತಾನೆ, ಆಟದೊಳಗಿನ ನಾಣ್ಯ, ಕತ್ತಿ, ವೇಷಗಳನ್ನು ಒಂದಾದ ಮೇಲೊಂದು ಕೊಳ್ಳುತ್ತಾನೆ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಾಗ ಯಾರೋ ಒಬ್ಬರು ಧೈರ್ಯ ಹೇಳುತ್ತಾರೆ: 'ಮೈನರ್ ಮಾಡಿಕೊಂಡ ಕರಾರು ಕೋರ್ಟಿನಲ್ಲಿ ನಿಲ್ಲೋದೇ ಇಲ್ಲ, ದುಡ್ಡು ವಾಪಸ್ ಕೊಡಲೇಬೇಕು.'

ಈ ಮಾತಿನ ಮೊದಲರ್ಧ ಸರಿ. ಎರಡನೆಯ ಅರ್ಧ ಮಾತ್ರ ಹೇಳಿದಷ್ಟು ಸಲೀಸಲ್ಲ. ನಮ್ಮ ಕರಾರು ಕಾನೂನು ಅಪ್ರಾಪ್ತ ವಯಸ್ಕರಿಗೆ ಕೊಟ್ಟಿರುವ ರಕ್ಷಣೆ ರೂಪುಗೊಂಡದ್ದು ಬಡ್ಡಿ ಸಾಹುಕಾರರ ಕಾಲದಲ್ಲಿ. ಮೈನರ್ ಕೊಡಬೇಕಾದ ಬಾಕಿಯನ್ನು ಯಾರಾದರೂ ವಸೂಲಿ ಮಾಡಲು ಬಂದರೆ ಅದು ಗಟ್ಟಿಯಾಗಿ ಅಡ್ಡ ನಿಲ್ಲುತ್ತದೆ. ಮೈನರ್ ಆಗಲೇ ಕೊಟ್ಟುಬಿಟ್ಟಿದ್ದರೆ, ಅಥವಾ ಅವನಿಗೇ ಯಾರಾದರೂ ಕೊಡಬೇಕಾಗಿದ್ದರೆ, ಅದೇ ಕಾನೂನು ತಡವರಿಸುತ್ತದೆ. ಇಂದಿನ ಮಕ್ಕಳ ವ್ಯವಹಾರವೆಲ್ಲ ನಡೆಯುತ್ತಿರುವುದು ಈ ಎರಡನೆಯ ಬಗೆಯಲ್ಲಿ. ಹಾಗಾಗಿ 'ಈ ಕರಾರು ಊರ್ಜಿತವೋ ಅಲ್ಲವೋ' ಎಂದು ಕೇಳುವ ಮೊದಲು 'ಈಗ ಹಣ ಯಾರ ಕೈಯಲ್ಲಿದೆ' ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬುಡದಿಂದ ನೋಡೋಣ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಪ್ತ ವಯಸ್ಸಿಗೆ ಬಂದವರು, ಚಿತ್ತಸ್ವಾಸ್ಥ್ಯ ಇರುವವರು, ಬೇರೆ ಯಾವ ಕಾನೂನೂ ಅನರ್ಹಗೊಳಿಸದವರು ಮಾತ್ರ ಕರಾರಿಗೆ ಅರ್ಹರು. ಆ ವಯಸ್ಸು ಎಷ್ಟೆಂದು ಹೇಳುವುದು 1875ರ ಪ್ರಾಪ್ತ ವಯಸ್ಸಿನ ಕಾಯ್ದೆ: ಹದಿನೆಂಟು. ಕೋರ್ಟು ಪಾಲಕರನ್ನು ನೇಮಿಸಿದ್ದ ಮಕ್ಕಳಿಗೆ ಮೊದಲು ಇಪ್ಪತ್ತೊಂದು ಇತ್ತು. 1999ರ ತಿದ್ದುಪಡಿ ಅದನ್ನು ತೆಗೆದುಹಾಕಿ ಎಲ್ಲರಿಗೂ ಒಂದೇ ಮಾಡಿತು. ಆದರೆ ಅನರ್ಹನಾದವನು ಸಹಿ ಹಾಕಿಬಿಟ್ಟರೆ ಆ ಕಾಗದದ ಗತಿಯೇನು ಎಂಬುದನ್ನು 11ನೇ ಸೆಕ್ಷನ್ ಬಾಯಿಬಿಟ್ಟು ಹೇಳುವುದಿಲ್ಲ. ಅದು ಹುಟ್ಟುವಾಗಲೇ ಶೂನ್ಯವೇ, ಅಥವಾ ಮೈನರ್ ಬೇಕೆಂದರೆ ರದ್ದು ಮಾಡಬಹುದು, ಬೇಡವೆಂದರೆ ಉಳಿಸಿಕೊಳ್ಳಬಹುದು ಎಂಬಂಥದ್ದೇ? ಮೂವತ್ತು ವರ್ಷ ಹೈಕೋರ್ಟುಗಳು ಈ ಪ್ರಶ್ನೆಯಲ್ಲಿ ಹೊಯ್ದಾಡಿದವು. ಕೊನೆಗೆ ಉತ್ತರ ಬಂದದ್ದು ಆಗ ಭಾರತದ ಮೊಕದ್ದಮೆಗಳಿಗೂ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಿಂದ, 1903ರಲ್ಲಿ, ಮೊಹೊರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್ ಪ್ರಕರಣದಲ್ಲಿ. ಕಾನೂನು ಕಾಲೇಜಿಗೆ ಕಾಲಿಟ್ಟ ಯಾರೂ ಈ ಹೆಸರನ್ನು ತಪ್ಪಿಸಿಕೊಂಡಿರಲಾರರು.

ಕಲ್ಕತ್ತೆಯ ಧರ್ಮೋದಾಸ್ ಇನ್ನೂ ಮೈನರ್ ಆಗಿದ್ದಾಗಲೇ 1895ರ ಜುಲೈ 20ರಂದು ತನ್ನ ಮನೆಗಳನ್ನು ಬ್ರಹ್ಮೋ ದತ್ತ ಎಂಬ ಲೇವಾದೇವಿದಾರನಿಗೆ ಅಡಮಾನ ಮಾಡಿಕೊಟ್ಟ. ಪತ್ರದಲ್ಲಿದ್ದ ಮೊತ್ತ 20,000 ರೂಪಾಯಿ, ಬಡ್ಡಿ ಶೇಕಡಾ 12. ನಿಜಕ್ಕೂ ಕೈಗೆ ಬಂದದ್ದು ಎಷ್ಟು ಎಂಬುದೇ ತಕರಾರಿನ ವಿಷಯವಾಗಿತ್ತು. ದತ್ತ ಆಗ ಊರಲ್ಲಿರಲಿಲ್ಲ. ವ್ಯವಹಾರ ನೋಡಿಕೊಂಡದ್ದು ಅವನ ಅಟಾರ್ನಿ ಕೇದಾರನಾಥ ಮಿತ್ತರ್. ಹುಡುಗನ ತಾಯಿಯ ಪರ ವಕೀಲರು ಸಹಿ ಬೀಳುವ ಮೊದಲೇ ಈ ಮಿತ್ತರ್‌ಗೆ ಪತ್ರ ಬರೆದು, 'ಅವನಿನ್ನೂ ಮೈನರ್, ಸಾಲ ಕೊಟ್ಟರೆ ನಿಮ್ಮದೇ ಜವಾಬ್ದಾರಿ' ಎಂದು ಎಚ್ಚರಿಸಿದ್ದರು. ಆ ಮನುಷ್ಯ ಮಾಡಿದ್ದೇನು? ಹುಡುಗನಿಂದ 'ನಾನು ವಯಸ್ಕ' ಎಂದು ಒಂದು ಘೋಷಣೆ ಬರೆಸಿಕೊಂಡ. ಇವತ್ತಿನ ಟಿಕ್ ಚೌಕದ ಮುತ್ತಜ್ಜ ಈ ಘೋಷಣೆ ಎನ್ನಲು ಅಡ್ಡಿಯಿಲ್ಲ. ಒಳಗಿನ ಉದ್ದೇಶವಂತೂ ಒಂದೇ.

ಸೆಪ್ಟೆಂಬರ್‌ನಲ್ಲಿ ತಾಯಿ ಮಗನ ಪರವಾಗಿ ದಾವೆ ಹೂಡಿ ಅಡಮಾನ ರದ್ದು ಮಾಡಿ ಎಂದಳು. ಮೊದಲ ಕೋರ್ಟಿನಲ್ಲಿ, ಮೇಲ್ಮನವಿಯಲ್ಲಿ, ಪ್ರಿವಿ ಕೌನ್ಸಿಲ್‌ನಲ್ಲಿ, ಮೂರೂ ಕಡೆ ಹುಡುಗನೇ ಗೆದ್ದ. ಅಷ್ಟರಲ್ಲಿ ದತ್ತ ತೀರಿಕೊಂಡು ಅವನ ಕಡೆಯವರಾಗಿ ಮೊಹೊರಿ ಬೀಬಿಯ ಹೆಸರು ಬಂದಿತ್ತು. ಮೈನರ್‌ನ ಕರಾರು ಮೊದಲಿನಿಂದಲೇ ಶೂನ್ಯ, ಕಾನೂನಿನ ಕಣ್ಣಿಗೆ ಅದು ಆಗಲೇ ಇಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಕೊಟ್ಟ ಹಣವನ್ನಾದರೂ ಕೊಡಿಸಿ ಎಂದು ದತ್ತನ ಕಡೆಯವರು ಹಿಡಿದದ್ದು 65ನೇ ಸೆಕ್ಷನ್ನನ್ನು: ಒಪ್ಪಂದ ಶೂನ್ಯವೆಂದು ಗೊತ್ತಾದಾಗ ಪಡೆದ ಲಾಭವನ್ನು ಹಿಂದಿರುಗಿಸಬೇಕು ಎನ್ನುವ ನಿಯಮ ಅದು. ಅರ್ಹರಾದ ಇಬ್ಬರ ನಡುವಿನ ವ್ಯವಹಾರಕ್ಕೆ ಮಾತ್ರ ಅದು ಅನ್ವಯ ಎಂದು ಆ ಬಾಗಿಲೂ ಮುಚ್ಚಿತು. ಗೊತ್ತಿದ್ದೂ ಕೊಟ್ಟವರಿಗೆ ಕೋರ್ಟು ತನ್ನ ವಿವೇಚನೆಯ ಕರುಣೆಯನ್ನೂ ತೋರಲಿಲ್ಲ.

ತೀರ್ಪಿನ ಫಲಗಳು ಒಂದೊಂದಾಗಿ ಬಿಚ್ಚಿಕೊಂಡವು. ಕರಾರೇ ಇಲ್ಲವೆಂದ ಮೇಲೆ ಹದಿನೆಂಟು ತುಂಬಿದ ನಂತರ ಅದಕ್ಕೆ ಒಪ್ಪಿಗೆ ಕೊಟ್ಟು ಜೀವ ತುಂಬುವುದೂ ಸಾಧ್ಯವಿಲ್ಲ. ಹೊಸದಾಗಿ, ಹೊಸ ಪ್ರತಿಫಲದೊಂದಿಗೆ (ಅಂದರೆ ಒಬ್ಬರ ಮಾತಿಗೆ ಬದಲಾಗಿ ಇನ್ನೊಬ್ಬರು ಕೊಡುವ ಹಣ, ಕೆಲಸ ಅಥವಾ ಮಾತು) ಬರೆದುಕೊಳ್ಳಬೇಕು. ಹಳೆಯ ಸಾಲಕ್ಕೆ ವಯಸ್ಕನಾದ ಮೇಲೆ ಬರೆದುಕೊಟ್ಟ ಹೊಸ ಪತ್ರವೂ ನಿಲ್ಲುವುದಿಲ್ಲ ಎಂದು ಅಲಹಾಬಾದ್ ಹೈಕೋರ್ಟ್ 1928ರಲ್ಲಿ ಹೇಳಿತು.

ವಯಸ್ಸಿನ ಬಗ್ಗೆ ಸುಳ್ಳು ಹೇಳಿದರೆ? ಧರ್ಮೋದಾಸ್ ಪ್ರಕರಣದಲ್ಲಿ ಎದುರು ಪಕ್ಷಕ್ಕೆ ನಿಜ ಗೊತ್ತಿದ್ದ ಕಾರಣ ಈ ಪ್ರಶ್ನೆ ಬಗೆಹರಿಯಲಿಲ್ಲ. ಆಮೇಲೆ 1931ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ, ಸುಳ್ಳು ಹೇಳಿದವನೂ 'ನಾನು ಮೈನರ್' ಎಂಬ ವಾದ ಎತ್ತಬಹುದು ಎಂದಿತು. ಕಾನೂನು ನಿಷೇಧಿಸಿದ್ದನ್ನು ಒಬ್ಬ ಹುಡುಗನ ಸುಳ್ಳು ಊರ್ಜಿತಗೊಳಿಸಲಾರದು ಎಂಬುದು ತರ್ಕ. ಹಾಗೆಂದು ಮೋಸ ಮಾಡಿ ದುಡ್ಡು ಹೊಡೆದುಕೊಂಡು ಹೋಗಲು ಬಿಡಬೇಕೆ? ಇಲ್ಲಿ ನ್ಯಾಯಾಧೀಶರ ನಡುವೆಯೇ ಜಗಳ. ಇಂಗ್ಲೆಂಡಿನಲ್ಲಿ 1914ರಲ್ಲಿ 400 ಪೌಂಡ್ ಸಾಲದ ಪ್ರಕರಣ ಬಂತು. ಸುಳ್ಳು ಹೇಳಿ ಪಡೆದ ವಸ್ತು ಕೈಯಲ್ಲೇ ಇದ್ದರೆ ಹಿಂದಿರುಗಿಸಬೇಕು, ಖರ್ಚಾಗಿಹೋದ ಹಣವನ್ನು ಕೊಡಿಸಿದರೆ ಅದು ಶೂನ್ಯವಾದ ಸಾಲವನ್ನೇ ವಸೂಲಿ ಮಾಡಿಸಿದಂತೆ ಎಂದು ಅಲ್ಲಿನ ಮೇಲ್ಮನವಿ ಕೋರ್ಟು ಗೆರೆ ಎಳೆಯಿತು. ಲಾಹೋರ್ ಹೈಕೋರ್ಟಿಗೆ ಇದು ಹಿಡಿಸಲಿಲ್ಲ. ವಯಸ್ಸು ಮುಚ್ಚಿಟ್ಟು 17,500 ರೂಪಾಯಿಗೆ ಜಮೀನು ಮಾರಿ ಸ್ವಾಧೀನ ಕೊಡದೆ ಕೂತ ಖಾನ್ ಗುಲ್ ಪ್ರಕರಣದಲ್ಲಿ, 1928ರಲ್ಲಿ, ಪಡೆದ ಹಣ ವಾಪಸ್ ಕೊಡು ಎಂದು ಅದು ಹೇಳಿತು. ಅಲಹಾಬಾದಿನ ಪೂರ್ಣಪೀಠ 1937ರಲ್ಲಿ ಇದನ್ನು ಒಪ್ಪಲಿಲ್ಲ. ಕೊನೆಗೆ ಸಂಸತ್ತು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಸೆಕ್ಷನ್ನಿನಲ್ಲಿ ಲಾಹೋರಿನ ದಾರಿಯನ್ನೇ ಹಿಡಿಯಿತು: ಮೈನರ್ ಎಂಬ ಕಾರಣಕ್ಕೆ ದಾವೆಯನ್ನು ತಳ್ಳಿಹಾಕಿಸಿಕೊಳ್ಳುವವನು, ತನಗೆ ಅಥವಾ ತನ್ನ ಆಸ್ತಿಗೆ ಆದ ಲಾಭದಷ್ಟನ್ನು ಹಿಂದಿರುಗಿಸುವಂತೆ ಕೋರ್ಟು ಹೇಳಬಹುದು. 'ಹೇಳಬಹುದು' ಅಷ್ಟೆ, ಹೇಳಲೇಬೇಕೆಂದಿಲ್ಲ.

ಇನ್ನೊಂದು ಕಿಟಕಿ ಕರಾರು ಕಾಯ್ದೆಯ 68ನೇ ಸೆಕ್ಷನ್. ಮೈನರ್‌ನ ಸ್ಥಿತಿಗತಿಗೆ ತಕ್ಕ ಜೀವನಾವಶ್ಯಕ ವಸ್ತು ಅಥವಾ ಸೇವೆ ಒದಗಿಸಿದವರು ಅವನ ಆಸ್ತಿಯಿಂದ ವೆಚ್ಚ ಪಡೆಯಬಹುದು. ಆಸ್ತಿಯಿಂದ ಮಾತ್ರ, ಅವನಿಗೆ ಆಸ್ತಿಯೇ ಇಲ್ಲದಿದ್ದರೆ ಕೊಟ್ಟವರು ಕೈತೊಳೆದುಕೊಳ್ಳಬೇಕು. ಊಟ, ಬಟ್ಟೆ, ಔಷಧಿ, ಶಾಲೆಯ ಫೀಸು, ಮೊಕದ್ದಮೆಯ ಖರ್ಚು ಎಲ್ಲವೂ ಸಂದರ್ಭಕ್ಕೆ ತಕ್ಕಂತೆ ಇದರಲ್ಲಿ ಬರುತ್ತವೆ. ಆವಶ್ಯಕ ಯಾವುದೆಂಬುದಕ್ಕೆ ಇಂಗ್ಲೆಂಡಿನ 1908ರ ಒಂದು ಪ್ರಕರಣವನ್ನು ಎಲ್ಲರೂ ಉದಾಹರಿಸುತ್ತಾರೆ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಸಿರಿವಂತರ ಹುಡುಗ ದರ್ಜಿಯಿಂದ ಸಾಲದ ಮೇಲೆ ರಾಶಿ ಬಟ್ಟೆ ಹೊಲಿಸಿಕೊಂಡ, ಅದರಲ್ಲಿ ಹನ್ನೊಂದು ಶೋಕಿ ವೇಸ್ಟ್‌ಕೋಟು. ಅಂತಸ್ತಿಗೆ ತಕ್ಕದ್ದೇ ಇರಬಹುದು, ಆದರೆ ಅಪ್ಪ ಆಗಲೇ ಬೇಕಾದಷ್ಟು ಬಟ್ಟೆ ಕೊಡಿಸಿದ್ದ. ಹುಡುಗನಿಗೆ ನಿಜಕ್ಕೂ ಕೊರತೆಯಿತ್ತು ಎಂದು ರುಜುವಾತು ಮಾಡುವ ಹೊಣೆ ದರ್ಜಿಯದು ಎಂದಿತು ಕೋರ್ಟು, ದರ್ಜಿ ಸೋತ. ಆಟದೊಳಗಿನ ಕತ್ತಿ ಈ ಪರೀಕ್ಷೆಯಲ್ಲಿ ಪಾಸಾಗುವ ಪ್ರಶ್ನೆಯೇ ಇಲ್ಲ. ಆನ್‌ಲೈನ್ ತರಗತಿಗೆ ಬೇಕಾದ ಫೋನು? ಅದು ಮನೆಯಲ್ಲಿ ಇನ್ನೊಂದು ಫೋನು ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತೀತು.

ಇಲ್ಲಿಯವರೆಗಿನ ಪ್ರಕರಣಗಳಲ್ಲಿ ಬಹುಪಾಲು ಒಂದೇ ನಮೂನೆಯವು: ದೊಡ್ಡವನೊಬ್ಬ ಕೊಟ್ಟಿದ್ದಾನೆ, ಮೈನರ್ ತೀರಿಸಬೇಕು, ತೀರಿಸುತ್ತಿಲ್ಲ. ಈಗ ತಿರುವುಮುರುವು ಮಾಡಿ ನೋಡಿ.

1949ರ ರಾಜ್ ರಾಣಿ ವಿರುದ್ಧ ಪ್ರೇಮ್ ಆದಿಬ್ ಪ್ರಕರಣ. ಅಪ್ರಾಪ್ತ ಹುಡುಗಿಯನ್ನು ನಟಿಯಾಗಿ ತೆಗೆದುಕೊಳ್ಳುವುದಾಗಿ ನಿರ್ಮಾಪಕ ಆಕೆಯ ತಂದೆಯೊಂದಿಗೆ ಒಪ್ಪಂದ ಮಾಡಿಕೊಂಡ, ಆಮೇಲೆ ಮುರಿದ. ಆಕೆ ಪರಿಹಾರ ಕೇಳಿ ಬಾಂಬೆ ಹೈಕೋರ್ಟಿಗೆ ಹೋದಳು. ಒಪ್ಪಂದ ಆಕೆಯದೇ ಆದರೆ ಮೈನರ್ ಆದ್ದರಿಂದ ಶೂನ್ಯ. ತಂದೆಯದು ಎನ್ನುವುದಾದರೆ, ನಟಿಸುತ್ತೇನೆ ಎಂಬ ಆಕೆಯ ಮಾತನ್ನು ಕೋರ್ಟಿನಲ್ಲಿ ಹಿಡಿದು ಕೇಳಲಾಗದ ಕಾರಣ ಅದು ಪ್ರತಿಫಲವೇ ಅಲ್ಲ, ಆದ್ದರಿಂದ ಅದೂ ನಿಲ್ಲದು. ಹೇಗೆ ಹಿಡಿದರೂ ಹುಡುಗಿಗೇ ಸೋಲು. ಮೈನರ್‌ಗಳನ್ನು ಕಾಯಲು ಹುಟ್ಟಿದ ನಿಯಮ ಮಾತು ತಪ್ಪಿದ ನಿರ್ಮಾಪಕನನ್ನು ಕಾಯಿತು.

ಮೈನರ್ ತನ್ನ ಪಾಲಿನದನ್ನು ಆಗಲೇ ಮಾಡಿ ಮುಗಿಸಿದ್ದರೆ ಕೋರ್ಟುಗಳು ಇಷ್ಟು ಕಠಿಣವಾಗಿಲ್ಲ. ಹಣ ಕೊಟ್ಟು ಅಡಮಾನ ಬರೆಸಿಕೊಂಡ ಮೈನರ್ ಅದನ್ನು ಜಾರಿ ಮಾಡಿಸಬಹುದು ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಶತಮಾನದ ಹಿಂದೆಯೇ ಹೇಳಿತ್ತು. 1932ರ ಪಾಲುದಾರಿಕೆ ಕಾಯ್ದೆ ಮೈನರ್‌ನನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಲು ಬಿಡುತ್ತದೆ, ನಷ್ಟಕ್ಕೆ ಅವನ ಸ್ವಂತ ಆಸ್ತಿ ಹೊಣೆಯಲ್ಲ. ಅವನು ಬರೆದ ಚೆಕ್ಕು ಅವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕಟ್ಟಿಹಾಕುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಮುಂದೆ ಮಾಡಬೇಕಾದ ಕೆಲಸದ ಕರಾರಿನಲ್ಲಿ, ಅಂದರೆ ನಟನೆ, ಆಟ, ಹಾಡು, ವಿಡಿಯೊ ಇವುಗಳಲ್ಲಿ, ರಾಜ್ ರಾಣಿಯ ತೊಡಕು ಹಾಗೇ ಉಳಿದಿದೆ.

ಅದಕ್ಕೇ ಸಂಪಾದಿಸುವ ಮಕ್ಕಳ ವಿಷಯದಲ್ಲಿ ಕರಾರು ಕಾಯ್ದೆಯನ್ನು ನಂಬಿ ಕೂರದೆ ಬೇರೆ ಕಾನೂನುಗಳು ಬಂದವು. ಬಾಲನಟ ಜಾಕಿ ಕೂಗನ್‌ನ ದುಡಿಮೆಯನ್ನೆಲ್ಲ ಹೆತ್ತವರೇ ಕರಗಿಸಿದ ಮೇಲೆ ಕ್ಯಾಲಿಫೋರ್ನಿಯಾ 1939ರಲ್ಲಿ ಕೂಗನ್ ಕಾಯ್ದೆ ತಂದಿತು. ಈಗ ಅದರಂತೆ ಗಳಿಕೆಯ ಶೇಕಡಾ 15 ಮಗುವಿನ ಹೆಸರಲ್ಲಿ ಭದ್ರವಾಗಿರಬೇಕು. ಮನೆಯ ವಿಡಿಯೊ ಚಾನೆಲ್‌ಗಳಲ್ಲಿ ಕಾಣಿಸಿಕೊಳ್ಳುವ ಮಕ್ಕಳಿಗೂ ಪಾಲು ಎತ್ತಿಡಬೇಕು ಎಂಬ ಕಾನೂನು ಇಲಿನಾಯ್‌ನಲ್ಲಿ 2024ರ ಜುಲೈನಿಂದ ಜಾರಿಯಲ್ಲಿದೆ. ಭಾರತದಲ್ಲಿ ಬಾಲಕಾರ್ಮಿಕ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳು ಕಲಾವಿದ ಮಗುವಿನ ಆದಾಯದ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ನಿಶ್ಚಿತ ಠೇವಣಿ ಇಡಬೇಕು ಎನ್ನುತ್ತವೆ. ಒಳ್ಳೆಯ ನಿಯಮ. ಆದರೆ ಆ ಕಾಯ್ದೆಯಲ್ಲಿ 'ಮಗು' ಎಂದರೆ ಹದಿನಾಲ್ಕರೊಳಗಿನವರು. ಹದಿನಾಲ್ಕರಿಂದ ಹದಿನೆಂಟರ ನಡುವಿನ ಗಾಯಕಿ ಅಥವಾ ಆಟಗಾರನಿಗೆ ಈ ಠೇವಣಿಯ ರಕ್ಷೆಯೂ ಇಲ್ಲ, ಸ್ವಂತ ಕರಾರು ಮಾಡಿಕೊಳ್ಳುವ ಹಕ್ಕೂ ಇಲ್ಲ. ಹೆಚ್ಚು ಗಳಿಸುವ ವಯಸ್ಸು ಅದೇ ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ಮತ್ತೆ ಆ ಹದಿನೈದರ ಹುಡುಗನ ವಿಷಯಕ್ಕೆ ಬರೋಣ. ಆಟದ ಕಂಪನಿ ಅವನ ಮೇಲೆ ದಾವೆ ಹೂಡುವುದಿಲ್ಲ, ಹೂಡುವ ಅಗತ್ಯವೇ ಇಲ್ಲ. ಹಣ ಮೊದಲೇ ಸಂದಾಯವಾಗಿದೆ. ಈಗ ವಾದಿಯಾಗಿ ನಿಲ್ಲಬೇಕಾದದ್ದು ಅವನು, ಅಥವಾ ಅವನಪ್ಪ. ಕರಾರು ಶೂನ್ಯ ಎಂದು ಸಾಬೀತು ಮಾಡುವುದು ಸುಲಭ. ಕೊಟ್ಟದ್ದನ್ನು ಹಿಂಪಡೆಯಲು ಯಾವ ಸೆಕ್ಷನ್ ಹಿಡಿಯುವುದು? 65ನೇ ಸೆಕ್ಷನ್ ಅರ್ಹರಿಗೆ ಮಾತ್ರ ಎಂದು ಪ್ರಿವಿ ಕೌನ್ಸಿಲ್ ಹೇಳಿದ ಮಾತನ್ನು ಈಗ ಕಂಪನಿಯ ವಕೀಲರು ಎತ್ತಿಕೊಳ್ಳಬಹುದು. ಹುಡುಗನನ್ನು ಉಳಿಸಿದ ತರ್ಕ ಅವನ ಕೈಯನ್ನೇ ಕಟ್ಟುತ್ತದೆ. ನ್ಯಾಯದೃಷ್ಟಿಯಿಂದ ಕೊಡಿಸಿ ಎಂದರೆ, 'ಆಡಿದ್ದಾನಲ್ಲ, ಅನುಭವಿಸಿದ್ದಾನಲ್ಲ' ಎಂಬ ಉತ್ತರ ಬರುತ್ತದೆ. 1889ರಲ್ಲಿ ಇಂಗ್ಲೆಂಡಿನಲ್ಲಿ ಮನೆಯ ಪೀಠೋಪಕರಣಕ್ಕೆಂದು 68 ಪೌಂಡ್ ಕಟ್ಟಿ ತಿಂಗಳುಗಟ್ಟಲೆ ಬಳಸಿದ ಮೈನರ್‌ಗೆ, ಬಳಸಿದ್ದನ್ನು ಮರಳಿ ಕೊಡಲಾಗದು, ಆದ್ದರಿಂದ ಹಣವೂ ಇಲ್ಲ ಎಂದೇ ಕೋರ್ಟು ಹೇಳಿತ್ತು.

ಅಪ್ಪನ ದಾರಿಯಾದರೂ ಸುಗಮವೇ? ಹಣ ಅಪ್ಪನದು, ಖಾತೆ ಅಪ್ಪನದು, ಒಟಿಪಿ ಬಂದದ್ದೂ ಅಪ್ಪನ ಫೋನಿಗೆ. ಬ್ಯಾಂಕನ್ನು ಕೇಳಿದರೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ತೋರಿಸುತ್ತದೆ: ಗ್ರಾಹಕ ತನ್ನ ಪಾವತಿ ಗುಟ್ಟನ್ನು ತಾನೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಕಂಪನಿಯನ್ನು ಕೇಳಿದರೆ ಇನ್ನೊಂದು ಚಾಣಾಕ್ಷ ವಾದ ಸಿದ್ಧವಿದೆ. ಕರಾರು ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಮೈನರ್ ಕೂಡ ಇನ್ನೊಬ್ಬರ ಏಜೆಂಟ್ ಆಗಬಹುದು. ಹಾಗಿದ್ದರೆ ಖರೀದಿಸಿದ್ದು ಮಗ ಅಲ್ಲ, ಮಗನ ಕೈಯಿಂದ ಅಪ್ಪ! ಒಂದೇ ಸಲ, ಅಪ್ಪನಿಗೆ ಗೊತ್ತಿಲ್ಲದೆ ನಡೆದದ್ದಾದರೆ ಈ ವಾದ ನಿಲ್ಲಲಾರದು. ಅಧಿಕಾರ ಕೊಡದೆ ಏಜೆಂಟ್ ಹುಟ್ಟುವುದಿಲ್ಲ. ತಿಂಗಳಾನುಗಟ್ಟಲೆ ಬಿಲ್ಲು ಬರುತ್ತಿದ್ದೂ ಚಕಾರ ಎತ್ತದೆ ಕಟ್ಟಿದ ಅಪ್ಪನಿಗೆ ಮಾತ್ರ ಇದನ್ನು ತಳ್ಳಿಹಾಕುವುದು ಕಷ್ಟ. ಎದುರಿನವರು ನಂಬುವಂತೆ ನಡೆದುಕೊಂಡವನು ಆ ನಂಬಿಕೆಗೆ ಬದ್ಧ ಎಂದು 237ನೇ ಸೆಕ್ಷನ್ ಹೇಳುತ್ತದೆ.

ಇನ್ನು ಮುಂದೆ ಹಣವೂ ಮಗುವಿನದೇ ಆಗಿರಬಹುದು. 2025ರ ಏಪ್ರಿಲ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಹತ್ತು ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಬಹುದು. ಡೆಬಿಟ್ ಕಾರ್ಡು, ಇಂಟರ್‌ನೆಟ್ ಬ್ಯಾಂಕಿಂಗ್ ಕೊಡುವುದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು. ಜೊತೆಗೊಂದು ಕಟ್ಟುನಿಟ್ಟು: ಆ ಖಾತೆ ಯಾವತ್ತೂ ಓವರ್‌ಡ್ರಾ ಆಗಕೂಡದು, ಅಂದರೆ ಇರುವುದಕ್ಕಿಂತ ಹೆಚ್ಚು ಹಣ ತೆಗೆಯುವಂತಿರಬಾರದು. ಮೈನರ್‌ಗೆ ಕೊಟ್ಟ ಸಾಲ ವಸೂಲಾಗದು ಎಂಬ 1903ರ ಪಾಠ ಬ್ಯಾಂಕುಗಳಿಗೆ ಬಾಯಿಪಾಠವಾಗಿದೆ. ಬ್ಯಾಂಕಿನ ಹಣ ಹೀಗೆ ಸುರಕ್ಷಿತವಾಯಿತು. ಮಗುವಿನ ಖಾತೆಯಿಂದ ಹೊರಗೆ ಹೋಗುವ ಹಣಕ್ಕೆ ಅಂಥದ್ದೊಂದು ಕಾವಲು ಇಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಈ ಜಾಗ ತುಂಬುತ್ತದೆ ಎಂದು ಕೆಲವರು ಬರೆಯುತ್ತಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತು ಸಲ್ಲದು, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ ಎಂದು ಅದು ಹೇಳುತ್ತದೆ. ಆದರೆ ಮಾಹಿತಿಗೆ ಕೊಟ್ಟ ಒಪ್ಪಿಗೆ ಖರೀದಿಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ, ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆಯೇ ಹೊರತು ಅಪ್ಪನ ಖಾತೆಗಲ್ಲ. ಅದರಿಂದ ಆಗುವ ಉಪಕಾರ ಬೇರೆ ತೆರನದು: ಬಳಕೆದಾರ ಮಗುವೋ ಅಲ್ಲವೋ ಎಂದು ತಿಳಿದುಕೊಳ್ಳುವ ಹೊಣೆ ಕಂಪನಿಯ ಮೇಲೆ ಬಿದ್ದಮೇಲೆ, 'ನಮಗೆ ಗೊತ್ತೇ ಇರಲಿಲ್ಲ' ಎನ್ನುವುದು ಅದಕ್ಕೆ ಕಷ್ಟವಾಗುತ್ತದೆ.

ಜಮೀನಿನ ವ್ಯವಹಾರದಲ್ಲಿ ಕಾನೂನು ಹೆಚ್ಚು ಪಳಗಿದೆ. ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ, 1956ರ 8ನೇ ಸೆಕ್ಷನ್ ಪ್ರಕಾರ ತಂದೆಯೂ ಕೋರ್ಟಿನ ಪೂರ್ವಾನುಮತಿ ಇಲ್ಲದೆ ಮೈನರ್‌ನ ಸ್ಥಿರಾಸ್ತಿ ಮಾರುವಂತಿಲ್ಲ. ಮಾರಿದರೆ ಮಗು ದೊಡ್ಡದಾದ ಮೇಲೆ ರದ್ದು ಮಾಡಬಹುದು. ಅದಕ್ಕೆ ಮೂರು ವರ್ಷದೊಳಗೆ ದಾವೆ ಹೂಡಲೇಬೇಕೆ? ಅಪ್ಪ ಅನುಮತಿಯಿಲ್ಲದೆ ಮಾರಿದ್ದ ನಿವೇಶನವನ್ನು ಮಕ್ಕಳು ವಯಸ್ಕರಾಗಿ ತಾವೇ ಬೇರೊಬ್ಬರಿಗೆ ಮಾರಿದ ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿತು: ದಾವೆಯೇ ಬೇಕೆಂದಿಲ್ಲ, ಮರುಮಾರಾಟದಂಥ ನಿಸ್ಸಂದಿಗ್ಧ ನಡತೆಯಿಂದಲೂ ಹಳೆಯ ಕ್ರಯವನ್ನು ನಿರಾಕರಿಸಬಹುದು. ಇಲ್ಲಿ ಆಯ್ಕೆ ಮೈನರ್‌ನ ಕೈಯಲ್ಲಿದೆ, ಲಾಭವಾಗಿದ್ದರೆ ಉಳಿಸಿಕೊಳ್ಳುತ್ತಾನೆ, ನಷ್ಟವಾಗಿದ್ದರೆ ಕಳಚಿಕೊಳ್ಳುತ್ತಾನೆ. ಮೈನರ್ ತಾನೇ ಮಾಡಿದ ಕರಾರಿಗೂ ಈ ಆಯ್ಕೆಯನ್ನು ಯಾಕೆ ಕೊಡಬಾರದು? ಇಂಗ್ಲೆಂಡಿನ 1987ರ ಕಾಯ್ದೆಯ ನಂತರ ಅಲ್ಲಿ ವಯಸ್ಕನಾದ ಮೇಲೆ ಹಳೆಯ ಕರಾರನ್ನು ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಸ್ಕಾಟ್ಲೆಂಡ್ 1991ರಲ್ಲೇ ಹದಿನಾರಕ್ಕೆ ಕರಾರಿನ ಹಕ್ಕು ಕೊಟ್ಟು, ಹದಿನಾರು, ಹದಿನೇಳರ ವಯಸ್ಸಿನಲ್ಲಿ ಮಾಡಿಕೊಂಡ ಹಾನಿಕರ ವ್ಯವಹಾರವನ್ನು ಇಪ್ಪತ್ತೊಂದರವರೆಗೆ ಕೋರ್ಟಿನಲ್ಲಿ ರದ್ದು ಮಾಡಿಸಿಕೊಳ್ಳಲು ಅವಕಾಶ ಇಟ್ಟಿತು. ಹದಿನೆಂಟರ ಹಿಂದಿನ ರಾತ್ರಿ ಏನೂ ಅಲ್ಲದವನು ಬೆಳಗಾದರೆ ಎಲ್ಲಕ್ಕೂ ಹೊಣೆ ಎನ್ನುವ ನಮ್ಮ ಒಂದೇ ಗೆರೆಗಿಂತ ಇದು ವಾಸಿ ಎಂದೇ ನನ್ನ ಎಣಿಕೆ.

ಆಟದ ಹಣದ ಪ್ರಶ್ನೆಗೆ ಮಾತ್ರ ಕರಾರು ಕಾಯ್ದೆಯ ತಿದ್ದುಪಡಿಯೊಂದೇ ಸಾಲದು. ಅಮೆರಿಕದಲ್ಲಿ ಮಕ್ಕಳ ಖರೀದಿಗಾಗಿ ಆಪಲ್ 2014ರಲ್ಲಿ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಿದ್ದೂ, ಎಪಿಕ್ ಗೇಮ್ಸ್ 2022ರಲ್ಲಿ 24.5 ಕೋಟಿ ಡಾಲರ್ ಮರುಪಾವತಿಗೆ ಒಪ್ಪಿದ್ದೂ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದ ಗ್ರಾಹಕ ಕಾನೂನಿನ ದಾರಿಯಿಂದ. ಒಂದೇ ಒತ್ತಿಗೆ ಖರೀದಿಯಾಗುವ ಗುಂಡಿ, ಪಾಸ್‌ವರ್ಡ್ ಕೇಳದೆ ಹಣ ಎಳೆಯುವ ವ್ಯವಸ್ಥೆ, ಇಂಥವು ಅನ್ಯಾಯದ ವ್ಯಾಪಾರ ಎಂಬುದು ಅಲ್ಲಿ ಮುಖ್ಯವಾಯಿತು. ಒತ್ತಿದ ಬೆರಳಿನ ವಯಸ್ಸು ಆಮೇಲಿನ ಮಾತು.

ನಮ್ಮಲ್ಲೂ ಆ ದಾರಿ ತೆರೆದೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಮೈನರ್ ಆಗಿದ್ದರೆ ತಂದೆ, ತಾಯಿ ಅಥವಾ ಪಾಲಕರು ದೂರುದಾರರಾಗಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ದೂರು ಕೊಡುವವರು 'ಕರಾರು ಶೂನ್ಯ' ಎಂಬ ಒಂದೇ ಮಾತಿಗೆ ಜೋತುಬೀಳದೆ, ಆಟದ ಖಾತೆಯಲ್ಲಿ ನಮೂದಾದ ಹುಟ್ಟಿದ ದಿನಾಂಕ, ಪಾವತಿಯ ಹೊತ್ತುಗಳು, ಪಾಸ್‌ವರ್ಡ್ ಕೇಳಿತ್ತೇ ಇಲ್ಲವೇ, ಗೊತ್ತಾದ ದಿನವೇ ಬ್ಯಾಂಕಿಗೂ ಕಂಪನಿಗೂ ಬರೆದ ಇಮೇಲ್ ಇವನ್ನೆಲ್ಲ ಜೋಡಿಸಿ, ಅನುಚಿತ ವ್ಯಾಪಾರ ಪದ್ಧತಿ ಎಂಬ ನೆಲೆಯಲ್ಲಿ ವಾದ ಕಟ್ಟಿದರೆ ಗಟ್ಟಿ. ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕಟ್ಟಿದ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.